ಯುದ್ಧ, ರಂಗಭೂಮಿ, ಪ್ರಚಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಕ ಕಲಿಯುವ ಹುಡುಗ ಹುಡುಗಿಯರು, ಹವ್ಯಾಸಿ ತಂಡದವರು, ಇತಿಹಾಸದ ಮೇಷ್ಟ್ರುಗಳು ಆಗಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನ ಉದಾಹರಣೆಗಳು ಎರಡನೇ ಮಹಾಯುದ್ಧದವು. ರಂಗಭೂಮಿ ಯುದ್ಧಕ್ಕೆ ಅಷ್ಟೊಂದು ಬಗೆಯಲ್ಲಿ ದುಡಿದ, ಅಷ್ಟೇ ಬಗೆಯಲ್ಲಿ ಎದುರಾಡಿದ ಕಾಲ ಇನ್ನೊಂದಿಲ್ಲ.

ಯುದ್ಧ ಶುರುವಾದ ಕೂಡಲೇ ಸರ್ಕಾರಗಳು ನಾಟಕದವರನ್ನು ಹುಡುಕಿಕೊಂಡು ಬರುವುದೇಕೆ?

ಕರಪತ್ರವನ್ನು ಜನ ಒಬ್ಬೊಬ್ಬರೇ ಓದಿ ಮಡಚಿಡುತ್ತಾರೆ. ನಾಟಕವನ್ನು ನೂರಾರು ಜನ ಒತ್ತಾಗಿ ಕೂತು ನೋಡುತ್ತಾರೆ. ಪಕ್ಕದವನು ಚಪ್ಪಾಳೆ ತಟ್ಟುವಾಗ ಕೈಕಟ್ಟಿ ಕೂರುವುದು ಕಷ್ಟ. ಅವನು ಎದ್ದು ನಿಂತಾಗ ಕೂತೇ ಇರುವುದು ಇನ್ನೂ ಕಷ್ಟ. ಈ ಒತ್ತಡವನ್ನು ಯಾವ ಪತ್ರಿಕೆಯೂ ರೇಡಿಯೋವೂ ಹುಟ್ಟಿಸಲಾರದು.

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮ್ಯೂಸಿಕ್ ಹಾಲ್‌ಗಳ, ಅಂದರೆ ಹಾಡು, ಹಾಸ್ಯದ ಮನರಂಜನೆಯ ರಂಗಶಾಲೆಗಳ ವೇದಿಕೆಯ ಮೇಲೆ ನಡೆದದ್ದು ಇದೇ. 1916ರವರೆಗೆ ಅಲ್ಲಿ ಕಡ್ಡಾಯ ಸೇನಾಭರ್ತಿ ಇರಲಿಲ್ಲ, ಹುಡುಗರು ತಾವಾಗಿಯೇ ಬರಬೇಕಿತ್ತು. ಗಂಡುವೇಷಕ್ಕೆ ಹೆಸರಾದ ವೆಸ್ಟಾ ಟಿಲ್ಲಿ ಸೈನಿಕನ ಸಮವಸ್ತ್ರ ತೊಟ್ಟು ಹಾಡುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ಸಭಿಕರ ನಡುವಿನಿಂದ ಹುಡುಗರು ಎದ್ದು ರಂಗಕ್ಕೆ ಬಂದು ಅಲ್ಲೇ ಹೆಸರು ಕೊಡುತ್ತಿದ್ದರು. ನೆಂಟರು, ನೆರೆಯವರು, ಮೆಚ್ಚಿದ ಹುಡುಗಿ ಎಲ್ಲರೂ ನೋಡುತ್ತಿರುವಾಗ ಹತ್ತೊಂಬತ್ತರ ಹುಡುಗನಿಗೆ ಒಲ್ಲೆ ಅನ್ನುವ ಧೈರ್ಯ ಎಲ್ಲಿಂದ ಬರಬೇಕು? ಜನ ಆಕೆಯನ್ನು ದೇಶದ ಅತ್ಯುತ್ತಮ ಭರ್ತಿ ಅಧಿಕಾರಿ ಎಂದೇ ಕರೆಯುತ್ತಿದ್ದರು.

1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಬಾಂಬಿನ ಭಯಕ್ಕೆ ಎಲ್ಲ ನಾಟಕಶಾಲೆಗಳನ್ನೂ ಮುಚ್ಚಿಸಿತು. ಕೆಲವೇ ವಾರಗಳಲ್ಲಿ ತೆರೆಯಿತು ಕೂಡ. ಜನರ ಮನಸ್ಸು ಕುಸಿದರೆ ಅದೂ ಒಂದು ಸೋಲೇ ಎಂದು ಸರ್ಕಾರಕ್ಕೆ ಅರಿವಾಗಿತ್ತು. ಸೋವಿಯತ್ ದೇಶದಲ್ಲಂತೂ ನಟರ ತಂಡಗಳು ಟ್ರಕ್ಕುಗಳಲ್ಲಿ ರಣರಂಗದವರೆಗೂ ಹೋಗಿ, ಟ್ರಕ್ಕಿನ ಹಲಗೆಯನ್ನೇ ರಂಗ ಮಾಡಿಕೊಂಡು ಆಡಿದವು.

ನಾಟಕದವರಿಗೆ ಇದರಿಂದ ಏನು ಸಿಕ್ಕಿತು?

ಸಂಬಳ, ರೇಷನ್ನು, ಕೆಲವರಿಗೆ ಸೇನೆಗೆ ಹೋಗದಿರುವ ವಿನಾಯಿತಿ. ಬ್ರಿಟನ್ನಿನಲ್ಲಿ ಇನ್ನೂ ಒಂದು ಲಾಭವಾಯಿತು. ಕಲೆಗಳ ಪ್ರೋತ್ಸಾಹಕ್ಕೆಂದು 1940ರಲ್ಲಿ ಯುದ್ಧಕಾಲದ ಒಂದು ಮಂಡಳಿ ಹುಟ್ಟಿತು. ಸಿಬಿಲ್ ಥಾರ್ನ್‌ಡೈಕ್ ಅಂಥ ನಟಿ ವೇಲ್ಸಿನ ಗಣಿ ಊರುಗಳಿಗೆ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಕೊಂಡೊಯ್ದದ್ದು ಅದರ ನೆರವಿನಿಂದ. ಆ ಮಂಡಳಿಯೇ 1946ರಲ್ಲಿ ಗ್ರೇಟ್ ಬ್ರಿಟನ್ನಿನ ಆರ್ಟ್ಸ್ ಕೌನ್ಸಿಲ್ ಆಯಿತು.

ಇದೆಲ್ಲ ಇಪ್ಪತ್ತನೇ ಶತಮಾನದ ಆವಿಷ್ಕಾರವೇ?

ಅಲ್ಲ. ನಾವು ಓದುವ ಅತಿ ಹಳೆಯ ಗ್ರೀಕ್ ನಾಟಕವೇ ಯುದ್ಧದ ನಾಟಕ. ಕ್ರಿಸ್ತಪೂರ್ವ 472ರಲ್ಲಿ ಈಸ್ಕಿಲಸ್ ‘ಪರ್ಷಿಯನ್ನರು’ ಆಡಿಸಿದ. ಗ್ರೀಕರು ಪರ್ಷಿಯಾದ ಹಡಗುಪಡೆಯನ್ನು ಸೋಲಿಸಿದ ಸಲಾಮಿಸ್ ಕಡಲ ಕಾಳಗ ಮುಗಿದು ಆಗಿನ್ನೂ ಎಂಟು ವರ್ಷ. ಖರ್ಚು ವಹಿಸಿಕೊಂಡವನು ತರುಣ ಪೆರಿಕ್ಲಿಸ್. ಈಸ್ಕಿಲಸ್ ಸ್ವತಃ ಪರ್ಷಿಯನ್ನರ ವಿರುದ್ಧದ ಮ್ಯಾರಥಾನ್ ಕಾಳಗದಲ್ಲಿ ಕತ್ತಿ ಹಿಡಿದವನು, ನೋಡಲು ಕೂತವರಲ್ಲೂ ಸಲಾಮಿಸಿನಲ್ಲಿ ಹಡಗಿನ ಹುಟ್ಟು ಹಾಕಿದವರು ಇದ್ದರು.

ಅಂಥ ಪ್ರೇಕ್ಷಕರ ಮುಂದೆ ಅವನು ಅಥೆನ್ಸಿನ ವಿಜಯೋತ್ಸವ ತೋರಿಸಲಿಲ್ಲ. ದೃಶ್ಯವನ್ನು ಶತ್ರುವಿನ ಅರಮನೆಯಲ್ಲಿಟ್ಟ. ಪರ್ಷಿಯಾದ ಮುದುಕರು ಸುದ್ದಿಗೆ ಕಾಯುತ್ತಾರೆ, ರಾಣಿ ಕೆಟ್ಟ ಕನಸು ಕಂಡು ಕಂಗೆಟ್ಟಿದ್ದಾಳೆ, ದೂತ ಬಂದು ಸತ್ತ ಸರದಾರರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ, ಕೊನೆಗೆ ದೊರೆ ಕ್ಸರ್ಕ್ಸಿಸ್ ಹರಿದ ಬಟ್ಟೆಯಲ್ಲಿ ಬಂದು ಗೋಳಾಡುತ್ತಾನೆ. ಹೆಮ್ಮೆಯ ಮಾತೂ ಇದೆ. ಆ ಜನಕ್ಕೆ ಒಡೆಯ ಯಾರೆಂದು ರಾಣಿ ಕೇಳಿದಾಗ, ಅವರು ಯಾರ ಗುಲಾಮರೂ ಅಲ್ಲ ಎಂಬ ಉತ್ತರ ಬರುತ್ತದೆ. ಅಥೆನ್ಸಿನವರ ಎದೆ ಆಗ ಉಬ್ಬಿರಬೇಕು. ಆದರೆ ಗೆದ್ದವರು ಸೋತವರ ಮನೆಯ ಸೂತಕವನ್ನು ಅಷ್ಟು ಹೊತ್ತು ಕೂತು ನೋಡಿದರಲ್ಲ, ಅದು ದೊಡ್ಡದು.

ಅಥೆನ್ಸನ್ನು ಆದರ್ಶ ಮಾಡಿ ಹೇಳುತ್ತಿಲ್ಲ. ಅಲ್ಲಿನ ನಾಟಕೋತ್ಸವದಲ್ಲಿ ನಾಟಕಕ್ಕೆ ಮೊದಲು ಮಿತ್ರರಾಜ್ಯಗಳು ತಂದ ಕಪ್ಪಕಾಣಿಕೆಯನ್ನು ರಂಗದಲ್ಲಿ ಪ್ರದರ್ಶಿಸುತ್ತಿದ್ದರು. ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡು ಸರ್ಕಾರಿ ಖರ್ಚಿನಲ್ಲಿ ಬೆಳೆದ ಹುಡುಗರಿಗೆ ಕವಚ ತೊಡಿಸಿ ಮೆರವಣಿಗೆ ಮಾಡಿಸುತ್ತಿದ್ದರು. ಅಥೆನ್ಸಿನ ಮಿತ್ರನಗರ ಮೈಲೆಟಸ್ ಪರ್ಷಿಯನ್ನರ ಕೈಗೆ ಬಿದ್ದದ್ದನ್ನು ನಾಟಕ ಮಾಡಿದ ಫ್ರಿನಿಕಸ್ ಎಂಬ ಕವಿಗೆ ಸಾವಿರ ಡ್ರಾಕ್ಮಾ ದಂಡ ಬಿತ್ತು, ನಾಟಕ ಮತ್ತೆ ಆಡಬಾರದೆಂದು ಆಜ್ಞೆಯಾಯಿತು. ರಂಗಶಾಲೆಗೆ ರಂಗಶಾಲೆಯೇ ಅತ್ತುಬಿಟ್ಟಿತ್ತು ಎಂಬುದೇ ಅಪರಾಧ. ಹಾಸ್ಯನಾಟಕಕಾರ ಅರಿಸ್ಟೋಫನೀಸನ ಮೇಲೆ ಕ್ಲಿಯಾನ್ ಎಂಬ ಮುಖಂಡ ದೂರು ಕೊಟ್ಟ: ಪರಸ್ಥಳದವರ ಎದುರು ನಮ್ಮ ನಗರದ ಮಾನ ಕಳೆದ ಎಂದು. ಕವಿ ಮರುವರ್ಷವೇ, ಒಬ್ಬ ರೈತ ಶತ್ರುವಿನೊಡನೆ ತನ್ನೊಬ್ಬನ ಪಾಲಿಗೆ ಖಾಸಗಿ ಸಂಧಿ ಮಾಡಿಕೊಳ್ಳುವ ನಾಟಕ ಬರೆದು ಮೊದಲ ಬಹುಮಾನ ಗಿಟ್ಟಿಸಿದ. ಅದು ಕ್ರಿಸ್ತಪೂರ್ವ 425, ಸ್ಪಾರ್ಟಾದೊಂದಿಗೆ ಯುದ್ಧ ನಡೆಯುತ್ತಲೇ ಇತ್ತು.

ಪ್ರಚಾರಕ್ಕೆ ಬರೆದ ನಾಟಕ ಎಂದ ಮೇಲೆ ಕಳಪೆಯೇ ಅಲ್ಲವೇ?

ಬಹಳಷ್ಟು ಕಳಪೆಯೇ. ಆದರೆ ಚೀನಾದ ‘ನಿನ್ನ ಚಾವಟಿ ಕೆಳಗಿಡು’ ನೋಡಿ. 1930ರ ದಶಕದ ಬೀದಿನಾಟಕ, ಜಪಾನಿನ ವಿರುದ್ಧ ಜನರನ್ನು ಎಬ್ಬಿಸಲೆಂದೇ ಊರೂರು ಸುತ್ತಿದ್ದು. ಮುಚ್ಚುಮರೆಯಿಲ್ಲದ ಪ್ರಚಾರ. ಆದರೂ ಅದರ ಕಟ್ಟಣೆ ಎಷ್ಟು ಚುರುಕು ಎಂದರೆ ಇವತ್ತಿಗೂ ರಂಗಶಾಲೆಗಳಲ್ಲಿ ಪಾಠ ಮಾಡಬಹುದು.

ಸಂತೆಬೀದಿಯಲ್ಲಿ ಒಬ್ಬ ಮುದುಕ, ಒಬ್ಬ ಹುಡುಗಿ. ದೊಂಬರಾಟದವರು ಎಂದು ಜನ ಸುತ್ತ ಸೇರುತ್ತಾರೆ. ಹುಡುಗಿ ಹಾಡುತ್ತಾಳೆ, ಲಾಗ ಹಾಕುತ್ತಾಳೆ, ಹಸಿವಿನಿಂದ ಕುಸಿದು ಬೀಳುತ್ತಾಳೆ. ಮುದುಕ ಸಿಟ್ಟಿನಿಂದ ಚಾವಟಿ ಎತ್ತಿ ಹೊಡೆಯುತ್ತಾನೆ. ಗುಂಪಿನೊಳಗಿಂದ ಒಬ್ಬ ಯುವಕ “ಚಾವಟಿ ಕೆಳಗಿಡು!” ಎಂದು ಕೂಗಿ ಒಳನುಗ್ಗುತ್ತಾನೆ. ಅವನೂ ನಟನೇ, ಆದರೆ ಅದು ಸುತ್ತ ನಿಂತವರಿಗೆ ಗೊತ್ತಿಲ್ಲ. ಅವನ ಬೆನ್ನಿಗೆ ಜನವೂ ಕೂಗತೊಡಗುತ್ತದೆ. ಆಗ ಹುಡುಗಿಯೇ ಅಡ್ಡ ಬಂದು, ಹೊಡೆಯಬೇಡಿ, ಇವನು ನನ್ನಪ್ಪ ಎನ್ನುತ್ತಾಳೆ. 1931ರಲ್ಲಿ ಜಪಾನಿ ಸೇನೆ ಮಂಚೂರಿಯಾ ಹಿಡಿದ ಮೇಲೆ ಮನೆಮಠ ಬಿಟ್ಟು ಬಂದ ಕಥೆ ಬಿಚ್ಚಿಕೊಳ್ಳುತ್ತದೆ. ಅಪ್ಪನ ಮೇಲೆ ಎದ್ದ ಸಿಟ್ಟು ಹಾಗೇ ಜಪಾನಿನ ಕಡೆ ತಿರುಗುತ್ತದೆ.

ಜನರಿಗೆ ಇಂಥ ಸಿಟ್ಟು ಇರಬೇಕು ಎಂದು ಈ ನಾಟಕ ಭಾಷಣ ಬಿಗಿಯುವುದಿಲ್ಲ. ಮೊದಲು ಸಿಟ್ಟು ಬರಿಸುತ್ತದೆ, ಆಮೇಲೆ ಅದಕ್ಕೊಂದು ಗುರಿ ಕೊಡುತ್ತದೆ. ಕರ್ನಾಟಕದ ಬೀದಿನಾಟಕಗಳಲ್ಲಿ ಗುಂಪಿನೊಳಗಿಂದ ಪಾತ್ರಧಾರಿ ಎದ್ದು ಬರುವುದನ್ನು ಕಂಡವರಿಗೆ ಈ ತಂತ್ರದ ಬಲ ಗೊತ್ತು. ನಟಿ ವಾಂಗ್ ಯಿಂಗ್ ಇದನ್ನು ಆಗ್ನೇಯ ಏಷ್ಯಾದ ಚೀನೀಯರ ನಡುವೆ ಆಡಿ ಯುದ್ಧನಿಧಿ ಕೂಡಿಸಿದರು. 1939ರಲ್ಲಿ ಸಿಂಗಪುರದಲ್ಲಿ ಆಕೆಯ ಅಭಿನಯ ಕಂಡ ಕಲಾವಿದ ಶು ಬೀಹಾಂಗ್ ಅದನ್ನು ದೊಡ್ಡ ತೈಲಚಿತ್ರವಾಗಿ ಬರೆದರು.

ಯುದ್ಧದ ನಡುವೆ ಸ್ವಂತ ಸೇನೆಯನ್ನೇ ಟೀಕಿಸುವ ನಾಟಕಕ್ಕೆ ಸರ್ಕಾರ ಅವಕಾಶ ಕೊಟ್ಟದ್ದುಂಟೇ?

ಉಂಟು, ಅದೂ ಸ್ಟಾಲಿನ್ನನ ಕಾಲದಲ್ಲಿ. 1942ರ ಆಗಸ್ಟಿನಲ್ಲಿ, ಜರ್ಮನ್ ಸೇನೆ ಸ್ಟಾಲಿನ್‌ಗ್ರಾಡಿನ ಹೊಸ್ತಿಲಿಗೆ ಬಂದಿದ್ದಾಗ, ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆ ಒಂದು ಇಡೀ ನಾಟಕವನ್ನೇ ಕಂತುಗಳಲ್ಲಿ ಅಚ್ಚು ಹಾಕಿತು: ಉಕ್ರೇನಿನ ಅಲೆಕ್ಸಾಂಡರ್ ಕೊರ್ನೈಚುಕ್ ಬರೆದ ‘ಫ್ರಂಟ್’. ಅದರಲ್ಲಿ ಗೊರ್ಲೋವ್ ಎಂಬ ಹಿರಿಯ ಜನರಲ್. ಹಿಂದಿನ ಅಂತರ್ಯುದ್ಧದ ವೀರ. ಗಂಡೆದೆ ಇದ್ದರೆ ಸಾಕು, ಈ ರೇಡಿಯೋ ಸಂಪರ್ಕದ ಗೊಡವೆಯೆಲ್ಲ ಏಕೆ ಎನ್ನುವವನು. ಸುತ್ತ ಹೊಗಳುಭಟ್ಟರು, ಜೊತೆಗೆ ತಾನು ಕಾಣದ್ದನ್ನೂ ಬಣ್ಣ ಹಚ್ಚಿ ಬರೆಯುವ ಒಬ್ಬ ಪತ್ರಕರ್ತ. ಇವರ ಎದುರು ಹೊಸ ಕಾಲದ ಯುದ್ಧ ಬಲ್ಲ ತರುಣ ಒಗ್ನೆವ್.

ಮಾರ್ಷಲ್ ತಿಮೊಶೆಂಕೊ ಕೆರಳಿ ಸ್ಟಾಲಿನ್ನನಿಗೆ ದೂರು ಕಳಿಸಿದರು. ಸ್ಟಾಲಿನ್ ನಾಟಕದ ಪರ ನಿಂತ. ಇದನ್ನು ವಾಕ್ ಸ್ವಾತಂತ್ರ್ಯ ಎಂದು ಹಿಗ್ಗಬೇಡಿ. ಸೋಲಿನ ಮೇಲೆ ಸೋಲು ಬರುತ್ತಿತ್ತು, ಹೊಣೆ ಯಾರದೆಂದು ಜನ ಒಳಗೊಳಗೇ ಕೇಳುತ್ತಿದ್ದರು. ಹಳೆಯ ಜನರಲ್‌ಗಳದ್ದು ಎಂದು ನಾಟಕ ಉತ್ತರ ಕೊಟ್ಟಿತು. ಯುದ್ಧಕ್ಕೆ ಮುಂಚೆ ನುರಿತ ಸೇನಾಧಿಕಾರಿಗಳನ್ನು ಸಾವಿರಗಟ್ಟಲೆ ಹೊರಹಾಕಿದ, ಕೊಲ್ಲಿಸಿದ ಕೈ ಯಾವುದು ಎಂಬ ಪ್ರಶ್ನೆ ನಾಟಕದೊಳಗೆ ಏಳಲೇ ಇಲ್ಲ. ಟೀಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹುಡುಕಿ, ಅಲ್ಲಿಂದಾಚೆ ಯಾರಿದ್ದಾರೆ ಎಂದು ಕೇಳಿಕೊಳ್ಳಿ. ಯಾವ ದೇಶದ ಯುದ್ಧನಾಟಕಕ್ಕಾದರೂ ಈ ಕ್ರಮ ಹೊಂದುತ್ತದೆ.

ನಾಜಿಗಳು ರಂಗಭೂಮಿಯನ್ನು ಹೇಗೆ ಬಳಸಿಕೊಂಡರು?

1933ರಲ್ಲೇ ನಾಟಕದವರೆಲ್ಲ ಪ್ರಚಾರಮಂತ್ರಿ ಗೊಬೆಲ್ಸನ ಕೈಕೆಳಗಿನ ಸರ್ಕಾರಿ ಸಂಸ್ಥೆಯ ಸದಸ್ಯರಾಗಬೇಕಾಯಿತು. ಸದಸ್ಯತ್ವ ಇಲ್ಲದವರಿಗೆ ಕೆಲಸವಿಲ್ಲ, ಯೆಹೂದಿಗಳಿಗೆ ಸದಸ್ಯತ್ವವಿಲ್ಲ. ಹೊಸದಾಗಿ ಬರೆಸಿದ ಪಕ್ಷದ ನಾಟಕಗಳು ಅಷ್ಟೇನೂ ನಿಲ್ಲಲಿಲ್ಲ. ಹಳೆಯ ಕೃತಿಗಳನ್ನು ತಿರುಚಿ ಆಡಿದ್ದೇ ಹೆಚ್ಚು ಕೇಡು ಮಾಡಿತು ಎಂದು ನನ್ನ ಎಣಿಕೆ. ಯುದ್ಧ ಶುರುವಾದ ಮೇಲೆ ಶತ್ರುದೇಶದ ನಾಟಕಗಳಿಗೆ ನಿಷೇಧ ಬಂದರೂ ಶೇಕ್ಸ್‌ಪಿಯರನನ್ನು ಬಿಟ್ಟರು. 1943ರಲ್ಲಿ ವಿಯೆನ್ನಾದ ಬುರ್ಗ್‌ಥಿಯೇಟರಿನಲ್ಲಿ ‘ವೆನಿಸ್ಸಿನ ವರ್ತಕ’ ಆಯಿತು. ವೆರ್ನರ್ ಕ್ರೌಸ್ ಎಂಬ ಮಹಾನಟ ಅದರ ಯೆಹೂದಿ ಲೇವಾದೇವಿಗಾರ ಶೈಲಾಕನನ್ನು ಹೇಸಿಗೆ ಹುಟ್ಟಿಸುವ ಜೀವಿಯಂತೆ ಆಡಿದ. ಅಷ್ಟರಲ್ಲಿ ವಿಯೆನ್ನಾ ಬಿಟ್ಟು ಹೋಗಲಾಗದೆ ಉಳಿದಿದ್ದ ಯೆಹೂದಿಗಳಲ್ಲಿ ಬಹುಪಾಲು ಜನರನ್ನು ಶಿಬಿರಗಳಿಗೆ, ಸಾವಿನ ತಾಣಗಳಿಗೆ ಸಾಗಿಸಿ ಆಗಿತ್ತು. ಶೈಲಾಕನ ಮಗಳು ಕ್ರೈಸ್ತನನ್ನು ಮದುವೆಯಾಗುವುದು ಜನಾಂಗ ಕಾಯ್ದೆಗೆ ವಿರುದ್ಧವಾದ್ದರಿಂದ, ಆ ಕಾಲದ ರೂಪಾಂತರಗಳಲ್ಲಿ ಅವಳನ್ನು ಯೆಹೂದಿ ರಕ್ತವಲ್ಲದವಳೆಂದು ಮಾಡಿದ್ದೂ ಉಂಟು.

1944ರ ಸೆಪ್ಟೆಂಬರ್ 1ರಂದು ಗೊಬೆಲ್ಸ್ ಎಲ್ಲ ನಾಟಕಶಾಲೆಗಳನ್ನೂ ಮುಚ್ಚಿಸಿದ. ನಟರೂ ಕೆಲಸಗಾರರೂ ಕಾರ್ಖಾನೆಗೆ, ಸೇನೆಗೆ ಬೇಕಾಗಿದ್ದರು.

ಪ್ರಚಾರಕ್ಕೆ ಬಳಕೆಯಾದ ನಾಟಕವೇ ಪ್ರತಿರೋಧವೂ ಆಗಬಲ್ಲದೇ?

ಈ ಪ್ರಶ್ನೆಗೆ, ಚೆಕ್ ನೆಲದಲ್ಲಿ ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಶಿಬಿರಕ್ಕಿಂತ ನೋವಿನ ಉತ್ತರ ನನಗೆ ಗೊತ್ತಿಲ್ಲ. ಹಾನ್ಸ್ ಕ್ರಾಸಾ ಎಂಬ ಸಂಗೀತಗಾರ ಮಕ್ಕಳಿಗಾಗಿ ‘ಬ್ರುಂಡಿಬಾರ್’ ಎಂಬ ಹಾಡುನಾಟಕ ರಚಿಸಿದ್ದರು. ಕಾಯಿಲೆಬಿದ್ದ ಅಮ್ಮನಿಗೆ ಹಾಲು ತರಲು ದುಡ್ಡಿಲ್ಲದ ಅಣ್ಣ ತಂಗಿ ಬೀದಿಯಲ್ಲಿ ಹಾಡುತ್ತಾರೆ. ಪೆಟ್ಟಿಗೆವಾದ್ಯದ ಬ್ರುಂಡಿಬಾರ್ ಅವರನ್ನು ಓಡಿಸುತ್ತಾನೆ. ನಾಯಿ, ಬೆಕ್ಕು, ಗುಬ್ಬಿ ಸೇರಿ ಊರಿನ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ಅವನನ್ನು ಸೋಲಿಸುತ್ತವೆ. ಕೊನೆಗೊಂದು ವಿಜಯದ ಹಾಡು.

1943ರ ಸೆಪ್ಟೆಂಬರಿನಿಂದ ಇದನ್ನು ಟೆರೆಜಿನ್ನಿನ ಬಂದಿ ಮಕ್ಕಳು 55 ಬಾರಿ ಆಡಿದರು. ಬ್ರುಂಡಿಬಾರ್ ಯಾರೆಂದು ನೋಡುವ ಬಂದಿಗಳಿಗೆಲ್ಲ ಗೊತ್ತಿತ್ತು. ಆಡುತ್ತಿದ್ದ ಮಕ್ಕಳಲ್ಲಿ ಕೆಲವರನ್ನು ನಡುನಡುವೆ ಪೂರ್ವದ ಶಿಬಿರಗಳಿಗೆ ಸಾಗಿಸುತ್ತಿದ್ದರು, ಅವರ ಪಾತ್ರಗಳನ್ನು ಉಳಿದ ಮಕ್ಕಳು ಕಲಿತುಕೊಳ್ಳಬೇಕಿತ್ತು.

1944ರ ಜೂನ್ 23ರಂದು ರೆಡ್ ಕ್ರಾಸಿನವರು ಶಿಬಿರ ನೋಡಲು ಬಂದರು. ಅದಕ್ಕೆ ಮೊದಲು ನಾಜಿಗಳು ಮನೆಗಳಿಗೆ ಬಣ್ಣ ಬಳಿಸಿ, ತೋಟ ಮಾಡಿಸಿ, ಜನಸಂದಣಿ ಕಾಣಬಾರದೆಂದು ಸುಮಾರು 7,500 ಮಂದಿಯನ್ನು ಆಶ್‌ವಿಟ್ಜಿಗೆ ಕಳಿಸಿದ್ದರು. ಬಂದವರಿಗೆ ‘ಬ್ರುಂಡಿಬಾರ್’ ತೋರಿಸಿದರು, ಆಮೇಲೆ ಪ್ರಚಾರಚಿತ್ರಕ್ಕೂ ಅದನ್ನು ಚಿತ್ರೀಕರಿಸಿದರು. ನಮ್ಮಲ್ಲಿ ಯೆಹೂದಿ ಮಕ್ಕಳು ಎಷ್ಟು ಸುಖವಾಗಿದ್ದಾರೆ ನೋಡಿ ಎಂದು. ಆ ಶರತ್ಕಾಲದಲ್ಲೇ ಕ್ರಾಸಾರನ್ನೂ ಬಹುತೇಕ ಮಕ್ಕಳನ್ನೂ ಆಶ್‌ವಿಟ್ಜಿಗೆ ಒಯ್ದು ಕೊಂದರು.

ಅದೇ ಮಕ್ಕಳು, ಅದೇ ಹಾಡು. ಆಡಿಸಿದವರಿಗೆ ಅದು ಸುಳ್ಳಿನ ಸಾಧನ, ಆಡಿದವರಿಗೆ ಸತ್ಯ. ಒಂದು ಪ್ರಯೋಗ ಯಾರದು ಎಂಬುದನ್ನು ಬರಿಯ ಪಠ್ಯ ಓದಿ ತೀರ್ಮಾನಿಸಲು ಆಗದು ಎಂದು ನಾನು ಗಟ್ಟಿಯಾಗಿ ಹೇಳುವುದು ಇದರಿಂದಲೇ.

ಒಂದೇ ನಾಟಕವನ್ನು ಎರಡೂ ಬಣದವರು ತಮ್ಮದು ಎಂದದ್ದುಂಟೇ?

ಜರ್ಮನ್ನರ ಹಿಡಿತದ ಪ್ಯಾರಿಸ್ಸಿನಲ್ಲಿ 1944ರ ಫೆಬ್ರವರಿಯಲ್ಲಿ ಜಾನ್ ಅನುಯಿಯ ‘ಆಂತಿಗೊನೆ’ ರಂಗಕ್ಕೆ ಬಂತು. ಸೆನ್ಸಾರು ಒಪ್ಪಿದ್ದ ನಾಟಕ. ದೊರೆಗೆ ಒಲ್ಲೆ ಎನ್ನುವ ಹುಡುಗಿಯಲ್ಲಿ ಕೆಲವರು ಪ್ರತಿರೋಧವನ್ನು ಕಂಡರು, ರಾಜ್ಯ ಉಳಿಸಲು ಕೈ ಕೊಳೆ ಮಾಡಿಕೊಳ್ಳಲೇಬೇಕೆನ್ನುವ ಆ ದೊರೆ ಕ್ರೆಯಾನನಲ್ಲಿ ಇನ್ನು ಕೆಲವರು ಜರ್ಮನ್ನರ ಜೊತೆಗೂಡಿದವರ ಸಮರ್ಥನೆಯನ್ನು ಕಂಡರು. ಈ ಜಗಳ ಇನ್ನೂ ಮುಗಿದಿಲ್ಲ.

ಆಗ ಭಾರತದಲ್ಲಿ ಏನಾಗುತ್ತಿತ್ತು? ಕರ್ನಾಟಕಕ್ಕೆ ಏನಾದರೂ ನಂಟಿದೆಯೇ?

ಇದೆ. ಸಿಲೋನಿನಿಂದ ಬಂದ ಅನಿಲ್ ಡಿ ಸಿಲ್ವಾ ಎಂಬ ಹೆಣ್ಣುಮಗಳು 1941ರಲ್ಲಿ ಬೆಂಗಳೂರಿನಲ್ಲಿ ಒಂದು ಜನತಾ ರಂಗಭೂಮಿ ತಂಡ ಕಟ್ಟಿದರು. ಮುಂದೆ ಬೊಂಬಾಯಿಗೆ ಹೋಗಿ ಆ ಕೆಲಸವನ್ನೇ ಹಿಗ್ಗಿಸಿದರು. 1943ರ ಮೇ 25ರಂದು ಬೊಂಬಾಯಿಯಲ್ಲಿ ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್, ಅಂದರೆ ನಾವೆಲ್ಲ ಇಪ್ಟಾ ಅನ್ನುವ ಸಂಘಟನೆ, ರೂಪ ತಳೆದಾಗ ಅದರ ಪ್ರಧಾನ ಕಾರ್ಯದರ್ಶಿ ಅವರೇ. ಬೆಂಗಳೂರಿನ ರಂಗಚರಿತ್ರೆ ಹೇಳುವಾಗ ಈ ಹೆಸರು ಬಿಟ್ಟುಹೋಗುತ್ತದೆ, ಅದು ನನಗೆ ಬೇಸರದ ಸಂಗತಿ.

ಬ್ರಿಟಿಷ್ ಸರ್ಕಾರವೂ ಸುಮ್ಮನಿರಲಿಲ್ಲ. ಯುದ್ಧದ ಪರ ಹಾಡು ಕಟ್ಟಿಸಿ ಹಳ್ಳಿಗಳಿಗೆ ಮುಟ್ಟಿಸಲೆಂದೇ ಅದಕ್ಕೊಂದು ವಿಭಾಗವಿತ್ತು. ಅದನ್ನು ನಡೆಸಿದವರು ಉರ್ದು ಕವಿ ಹಫೀಜ್ ಜಲಂಧರಿ, ಮುಂದೆ ಪಾಕಿಸ್ತಾನದ ರಾಷ್ಟ್ರಗೀತೆ ಬರೆದವರು.

ಇಪ್ಟಾದ ಹೆಸರು ಹಬ್ಬಿದ್ದು ಬಂಗಾಳದ ಬರದಿಂದ. 1942ರಲ್ಲಿ ಜಪಾನ್ ಬರ್ಮಾ ಹಿಡಿದು ಅಕ್ಕಿ ಬರುವುದು ನಿಂತಿತು. ಶತ್ರುವಿನ ಕೈಗೆ ಸಿಗಬಾರದೆಂದು ಸರ್ಕಾರ ಕರಾವಳಿಯ ಬತ್ತವನ್ನು ಎತ್ತಿಸಿತು, ದೋಣಿಗಳನ್ನು ಕಿತ್ತುಕೊಂಡಿತು, ಒಡೆಸಿತು. ಅಕ್ಟೋಬರಿನ ಚಂಡಮಾರುತ ಮಿಡ್ನಾಪುರವನ್ನು ನೆಲಸಮ ಮಾಡಿತು. ಸೇನೆಯ ಖರ್ಚಿನಿಂದ ಬೆಲೆಗಳು ಏರಿದವು, ವ್ಯಾಪಾರಿಗಳು ದಾಸ್ತಾನು ಬಚ್ಚಿಟ್ಟರು. ಸತ್ತವರು ಸುಮಾರು 30 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಬಿನಯ್ ರಾಯ್ ಮುಂದಾಳತ್ವದಲ್ಲಿ ಬಂಗಾಳದ ತಂಡವೊಂದು ಹಾಡು, ನೃತ್ಯ, ಕಿರುನಾಟಕ ಹೊತ್ತು ಊರೂರು ಅಲೆದು ಬರಪರಿಹಾರಕ್ಕೆ ಹಣ ಎತ್ತಿತು.

1944ರ ಅಕ್ಟೋಬರಿನಲ್ಲಿ ಕಲ್ಕತ್ತದಲ್ಲಿ ‘ನವಾನ್ನ’ ಬಂತು. ಬಿಜನ್ ಭಟ್ಟಾಚಾರ್ಯರ ರಚನೆ, ಅವರದೂ ಶಂಭು ಮಿತ್ರರದೂ ನಿರ್ದೇಶನ. ಚಿತ್ರ ಬರೆದ ಪರದೆಗಳ ಬದಲು ಹಿಂದೆ ಗೋಣಿತಟ್ಟು. ಅಮೀನ್‌ಪುರದ ಮುದಿ ರೈತ ಪ್ರಧಾನ್ ಸಮದ್ದಾರನ ಕುಟುಂಬ ಅನ್ನ ಹುಡುಕಿಕೊಂಡು ಕಲ್ಕತ್ತಕ್ಕೆ ಬರುತ್ತದೆ. ಒಂದು ದೃಶ್ಯದಲ್ಲಿ ಶ್ರೀಮಂತರ ಮದುವೆಮನೆಯ ಊಟ, ಹೊರಗೆ ಕಸದ ತೊಟ್ಟಿ. ಎಂಜಲಿಗಾಗಿ ಆ ಕುಟುಂಬದ ಕುಂಜ ನಾಯಿಯೊಡನೆ ಸೆಣಸುತ್ತಾನೆ, ನಾಯಿ ಕಚ್ಚುತ್ತದೆ, ಹೆಂಡತಿ ರಾಧಿಕಾ ಗಾಯ ಕಟ್ಟುತ್ತಾಳೆ. ನೋಡಲು ಬಂದವರು ಹಿಂದಿನ ವರ್ಷವಷ್ಟೇ ಅದೇ ಊರಿನ ಬೀದಿಗಳಲ್ಲಿ ಅಂಥ ಜನರನ್ನು ದಾಟಿಕೊಂಡು ಓಡಾಡಿದ್ದವರು.

ಇಪ್ಟಾದ್ದು ಕಮ್ಯುನಿಸ್ಟ್ ಪಕ್ಷದ ಪ್ರಚಾರವಲ್ಲವೇ?

ಪಕ್ಷದ ನಂಟು ಗಟ್ಟಿಯಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. 1941ರ ಜೂನಿನಲ್ಲಿ ಹಿಟ್ಲರ್ ಸೋವಿಯತ್ ದೇಶದ ಮೇಲೆ ಬಿದ್ದ ಮೇಲೆ ಪಕ್ಷಕ್ಕೆ ಇದು ‘ಜನತಾ ಯುದ್ಧ’ವಾಯಿತು. 1942ರ ಜುಲೈನಲ್ಲಿ ಬ್ರಿಟಿಷರು ಪಕ್ಷದ ಮೇಲಿನ ನಿಷೇಧ ತೆಗೆದರು, ಆಗಸ್ಟಿನಲ್ಲಿ ಪಕ್ಷ ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ವಿರೋಧವಾಗಿ ನಿಂತಿತು. ಈ ಕಾಲದ ಅನೇಕ ಹಾಡು, ಕಿರುನಾಟಕಗಳಲ್ಲಿ ಜಪಾನೂ ದಾಸ್ತಾನುಕೋರನೂ ಖಳರು, ವೈಸ್‌ರಾಯ್ ಮರೆಯಲ್ಲಿ ಉಳಿಯುತ್ತಾನೆ. ‘ನವಾನ್ನ’ದಲ್ಲೂ ಕಾಳಸಂತೆಯವನ ಮೇಲೆ ಬಿದ್ದಷ್ಟು ಬೆಳಕು ದೋಣಿ ಕಿತ್ತುಕೊಂಡ ಸರ್ಕಾರದ ಮೇಲೆ ಬೀಳುವುದಿಲ್ಲ.

ಆದರೆ ನಾಟಕ ಪಕ್ಷದ ಗೆರೆ ಮೀರಿದ್ದನ್ನೂ ಹೇಳಬೇಕು. ‘ನವಾನ್ನ’ ಶುರುವಾಗುವುದೇ 1942ರ ಆಗಸ್ಟ್ ಚಳವಳಿಯ ದಬ್ಬಾಳಿಕೆಯಿಂದ. ಪ್ರಧಾನನ ಹೆಂಡತಿ ಪಂಚಾನನಿ ಜನರನ್ನು ಮುಂದಕ್ಕೆ ಕರೆಯುತ್ತಾ ಪ್ರಾಣ ಬಿಡುತ್ತಾಳೆ. ಪಕ್ಷ ಬೇಡವೆಂದ ಚಳವಳಿಗೆ ಪಕ್ಷದ ನೆರಳಿನ ನಾಟಕವೇ ಮೊದಲ ದೃಶ್ಯದಲ್ಲಿ ಗೌರವ ಸಲ್ಲಿಸಿತು. ನನಗೆ ‘ನವಾನ್ನ’ ದೊಡ್ಡ ನಾಟಕವಾಗಿ ಕಾಣುವುದು ಇಂಥ ಕಡೆ.

ಬ್ರಿಟಿಷರು ನಾಟಕಗಳನ್ನು ತಡೆಯಲು ಯಾವ ಕಾಯ್ದೆ ಬಳಸಿದರು?

1876ರ ನಾಟಕ ಪ್ರದರ್ಶನ ಕಾಯ್ದೆ. ಇದರ ಬಲದಿಂದ ನಾಟಕವನ್ನು ನಿಷೇಧಿಸಬಹುದಿತ್ತು, ಆಡುವವರನ್ನು ಹಿಡಿಯಬಹುದಿತ್ತು. ತಪ್ಪಿಸಿಕೊಳ್ಳಲು ನಾಟಕಕಾರರು ಪುರಾಣದ ಮೊರೆಹೊಕ್ಕರು. ಖಾಡಿಲ್ಕರರ ಮರಾಠಿ ‘ಕೀಚಕವಧ’ದಲ್ಲಿ ಕೀಚಕ ಎಂದರೆ ಲಾರ್ಡ್ ಕರ್ಜನ್, ದ್ರೌಪದಿ ಎಂದರೆ ಭಾರತ ಎಂದು ಹಳ್ಳಿಯವರಿಗೂ ಗೊತ್ತಾಗುತ್ತಿತ್ತು. 1910ರಲ್ಲಿ ಸರ್ಕಾರಕ್ಕೂ ಗೊತ್ತಾಗಿ ನಿಷೇಧ ಹೇರಿತು. ಸ್ವಾತಂತ್ರ್ಯ ಬಂದ ಮೇಲೂ ಈ ಕಾಯ್ದೆಯನ್ನು ಇಪ್ಟಾದವರ ಮೇಲೆ ಬಳಸಿದ್ದುಂಟು. ಪ್ರೇಮ್‌ಚಂದರ ಕಥೆ ಆಧರಿಸಿದ ನಾಟಕವೊಂದರ ಪ್ರಕರಣದಲ್ಲಿ 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಇದು ಸಂವಿಧಾನಕ್ಕೆ ಹೊಂದದು ಎಂದಿತು. ಆದರೂ ಸಂಸತ್ತು ಇದನ್ನು ರದ್ದು ಮಾಡಿದ್ದು 2018ರಲ್ಲಿ ಜಾರಿಗೆ ಬಂದ ಕಾಯ್ದೆಯಿಂದ.

ಪ್ರೇಕ್ಷಕರು ನಾಟಕಕಾರ ಬಯಸಿದಂತೆಯೇ ಬದಲಾಗುತ್ತಾರೆಯೇ?

ಇಲ್ಲ. ಜರ್ಮನ್ ನಾಟಕಕಾರ ಬ್ರೆಕ್ಟನಿಗೇ ಅದು ಆಗಲಿಲ್ಲ. ಯುದ್ಧದಿಂದ ಹೊಟ್ಟೆ ಹೊರೆಯುತ್ತ ಮೂವರು ಮಕ್ಕಳನ್ನೂ ಯುದ್ಧಕ್ಕೇ ಕಳೆದುಕೊಳ್ಳುವ ವ್ಯಾಪಾರಿ ಹೆಂಗಸಿನ ಕಥೆ ‘ಮದರ್ ಕರೇಜ್’. 1941ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಪ್ರಯೋಗವಾದಾಗ ಜನ ಅವಳಲ್ಲಿ ಎಲ್ಲವನ್ನೂ ಸಹಿಸುವ ಮಹಾತಾಯಿಯನ್ನು ಕಂಡು ಕಣ್ಣೀರಿಟ್ಟರು. ಅವಳು ಯುದ್ಧದಿಂದ ಏನೂ ಕಲಿಯಲಿಲ್ಲ ಎಂಬುದು ಬ್ರೆಕ್ಟನ ಮಾತು. 1949ರ ಬರ್ಲಿನ್ ಪ್ರಯೋಗಕ್ಕೆ ಅವಳ ಲಾಭಕೋರತನ ಎದ್ದು ಕಾಣುವಂತೆ ಕೆಲವು ಕಡೆ ತಿದ್ದಿದ. ಜನ ಆಗಲೂ ಅತ್ತರು.

ನಮ್ಮ ತಂಡಕ್ಕೆ ಇಂಥದ್ದೊಂದು ನಾಟಕ ಎತ್ತಿಕೊಳ್ಳಬೇಕೆಂದಿದೆ. ಎಲ್ಲಿಂದ ಶುರು ಮಾಡುವುದು?

‘ಪರ್ಷಿಯನ್ನರು’ ಹಾಗೂ ‘ನವಾನ್ನ’ ಎರಡನ್ನೂ ಒಟ್ಟಿಗೆ ಓದಿಸಿ, ಒಂದು ವಾರ ತಂಡದಲ್ಲಿ ಚರ್ಚೆಯಾಗಲಿ. ಪಾತ್ರ ಹಂಚುವ ಮುನ್ನ ಮೂರು ವಿಷಯ ಕೇಳಿಕೊಳ್ಳಿ: ಇದರಲ್ಲಿ ಶತ್ರುವಿಗೆ ತಾಯಿ ಇದ್ದಾಳೆಯೇ? ನಮ್ಮ ಕಡೆಯವರ ತಪ್ಪು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಆ ಟೀಕೆ ಯಾರ ಬಾಗಿಲವರೆಗೆ ಹೋಗಿ ನಿಲ್ಲುತ್ತದೆ? ‘ನವಾನ್ನ’ ಆಡುವುದಾದರೆ ದೋಣಿಗಳ ವಿಷಯವನ್ನು ಪ್ರಯೋಗದೊಳಗೆ ಹೇಗಾದರೂ ತನ್ನಿ. ‘ಬ್ರುಂಡಿಬಾರ್’ ಎತ್ತಿಕೊಂಡರೆ ಮಕ್ಕಳಿಗೆ ಟೆರೆಜಿನ್ನಿನ ಕಥೆಯನ್ನು ತಾಲೀಮಿನ ಮೊದಲ ದಿನವೇ, ಅವರ ವಯಸ್ಸಿಗೆ ತಕ್ಕಂತೆ ಹೇಳಿ. ಬರಿಯ ನಾಯಿ, ಬೆಕ್ಕು, ಗುಬ್ಬಿಯ ಕಥೆ ಎಂದುಕೊಂಡು ಅವರು ಅದನ್ನು ಆಡಬಾರದು.